ಬೆಳಿಗ್ಗೆ ಉಕ್ಕುವ ಸ್ಕಿಮ್ಮರ್, ಸಂಜೆಗೆ ನೊರೆಯೇ ಇಲ್ಲ. ಕಾರಣ ಏನಿರಬಹುದು?

ನೀಲಿಅಲೆ:

ಎಲ್ಲರಿಗೂ ನಮಸ್ಕಾರ. ನನ್ನದು 250 ಲೀಟರಿನ ಉಪ್ಪುನೀರಿನ ಟ್ಯಾಂಕ್, ಕೆಳಗೆ ಮೂರು ಚೇಂಬರಿನ ಸಂಪ್ (ಟ್ಯಾಂಕಿನ ನೀರು ಇಳಿದು ಶುದ್ಧವಾಗಿ ಮತ್ತೆ ಮೇಲೆ ಹೋಗುವ ತೊಟ್ಟಿ). ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ, ಸ್ವಲ್ಪ ಮೃದು ಹವಳ ಇವೆ. ಹೊಸದಾಗಿ ಪ್ರೊಟೀನ್ ಸ್ಕಿಮ್ಮರ್ ಹಾಕಿದ್ದೇನೆ, ಅಂದರೆ ನೀರಿನ ಕೊಳೆಯನ್ನು ಗುಳ್ಳೆಗೆ ಅಂಟಿಸಿ, ನೊರೆಯಾಗಿ ಕತ್ತಿನ ಮೂಲಕ ಮೇಲಿನ ಕಪ್ಪಿಗೆ ಎತ್ತುವ ಸಾಧನ. ಸಂಪ್ ಒಳಗೇ ಇಡುವಂಥದ್ದು, ನೀಡಲ್ ವೀಲ್ (ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಒಡೆಯುವ ಮುಳ್ಳುಚಕ್ರ) ಪಂಪಿನದು. ಮೊದಲ ಚೇಂಬರಿನಲ್ಲಿ ಫಿಲ್ಟರ್ ಸಾಕ್, ಹೀಟರ್ ಇವೆ. ಹಾಗಾಗಿ ಸ್ಕಿಮ್ಮರನ್ನು ಕೊನೆಯ ಚೇಂಬರಿನಲ್ಲಿ, ನೀರನ್ನು ಮೇಲಿನ ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಪಂಪಿನ ಪಕ್ಕ ಇಟ್ಟಿದ್ದೇನೆ.

ತೊಂದರೆ ಏನೆಂದರೆ, ಬೆಳಿಗ್ಗೆ ಕಪ್ ಪೂರ್ತಿ ತುಂಬಿಬಿಡುತ್ತದೆ. ಕೊಳೆ ಅಲ್ಲ, ಬರೀ ತಿಳಿ ನೀರು. ಔಟ್‌ಲೆಟ್ ವಾಲ್ವ್ ತೆರೆದು ಒಳಗಿನ ಮಟ್ಟ ಇಳಿಸುತ್ತೇನೆ. ಸಂಜೆ ಬಂದು ನೋಡಿದರೆ ನೊರೆ ಕತ್ತಿನ ಹತ್ತಿರವೂ ಇರುವುದಿಲ್ಲ. ಆಗ ವಾಲ್ವ್ ಸ್ವಲ್ಪ ಮುಚ್ಚುತ್ತೇನೆ. ಮಾರನೇ ದಿನ ಮತ್ತೆ ಅದೇ ಕಥೆ. ಇದರ ಜೊತೆಗೆ ಮೇಲಿನ ಟ್ಯಾಂಕಿನ ತುಂಬ ಸಣ್ಣ ಸಣ್ಣ ಗುಳ್ಳೆಗಳು. ಗಾಜಿಗೆಲ್ಲ ಅಂಟಿಕೊಂಡಿರುತ್ತವೆ. ಮೀನಿಗೆ ಫ್ರೋಜನ್ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿಗಳ ಆಹಾರ) ಹಾಕಿದ ತಕ್ಷಣ ಇರುವ ನೊರೆಯೂ ಕುಸಿಯುತ್ತದೆ.

ಉಳಿದ ವಿವರ: ಉಷ್ಣತೆ 26 ಡಿಗ್ರಿ, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025. ಸ್ಕಿಮ್ಮರ್ 18ರಿಂದ 20 ಸೆಂ.ಮೀ. ನೀರಿನಲ್ಲಿ ನಿಲ್ಲಬೇಕು ಎಂದು ಅದರ ಜೊತೆ ಬಂದ ಹಾಳೆಯಲ್ಲಿದೆ. ಆವಿಯಾದ ನೀರಿನ ಬದಲಿಗೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಸುಮಾರು 3 ಲೀಟರ್ ಆರ್‌ಒ ನೀರು ಹಾಕುತ್ತೇನೆ. ಪಂಪೇ ಸರಿ ಇಲ್ಲವೋ, ವಾಲ್ವ್ ಸೆಟ್ಟಿಂಗೋ? ಬಲ್ಲವರು ದಯವಿಟ್ಟು ಹೇಳಿ.

ಹವಳದಂಡೆ:

ಪಂಪ್ ಸರಿಯಾಗೇ ಇದೆ ಅನ್ನಿಸುತ್ತದೆ. ನಿಮ್ಮ ಉತ್ತರ ನೀವು ಬರೆದ ವಿವರದಲ್ಲೇ ಇದೆ. ಬೆಳಿಗ್ಗೆ 3 ಲೀಟರ್ ನೀರು, ಅದೂ ರಿಟರ್ನ್ ಚೇಂಬರಿಗೆ, ಅಲ್ವಾ?

ಸಂಪಿನಲ್ಲಿ ಮೊದಲ ಚೇಂಬರುಗಳ ನೀರಿನ ಮಟ್ಟವನ್ನು ಅಡ್ಡಗಾಜು ಹಿಡಿದಿಟ್ಟುಕೊಳ್ಳುತ್ತದೆ. ಅದು ದಿನವಿಡೀ ಕದಲುವುದಿಲ್ಲ. ಇಡೀ ಟ್ಯಾಂಕಿನಿಂದ ಎಷ್ಟು ಆವಿಯಾದರೂ ಮಟ್ಟ ಇಳಿಯುವುದು ಕೊನೆಯ ಚೇಂಬರಿನಲ್ಲಿ ಮಾತ್ರ. ನಿಮ್ಮ ಕೊನೆಯ ಚೇಂಬರ್ 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ ಇದೆ ಅಂದುಕೊಳ್ಳಿ. 750 ಚದರ ಸೆಂ.ಮೀ. ಆಯಿತು. 3 ಲೀಟರ್ ಎಂದರೆ 3000 ಘನ ಸೆಂ.ಮೀ. ಭಾಗಿಸಿ ನೋಡಿ, 4 ಸೆಂ.ಮೀ. ಬರುತ್ತದೆ. ಸ್ಕಿಮ್ಮರ್ ಮತ್ತು ಪಂಪ್ ತಾವೇ ಒಂದಷ್ಟು ಜಾಗ ಹಿಡಿದಿರುತ್ತವೆ, ಹಾಗಾಗಿ ನಿಜವಾದ ಏರಿಳಿತ ಇನ್ನೂ ಜಾಸ್ತಿ. ನಿಮ್ಮ ಸ್ಕಿಮ್ಮರ್ ಕೇಳುತ್ತಿರುವುದು 2 ಸೆಂ.ಮೀ. ಒಳಗಿನ ವ್ಯತ್ಯಾಸ. ನೀವು ಅದಕ್ಕೆ ಕೊಡುತ್ತಿರುವುದು ಅದರ ಎರಡು ಪಟ್ಟು.

ಹೊರಗೆ ನೀರು ಏರಿದರೆ ಸ್ಕಿಮ್ಮರಿನ ಒಳಗೂ ಏರುತ್ತದೆ. ನೊರೆ ಒಣಗಲು ಕತ್ತಿನಲ್ಲಿ ಜಾಗ ಸಿಗುವುದಿಲ್ಲ, ನೀರು ನೇರ ಕಪ್ಪಿಗೆ ನುಗ್ಗುತ್ತದೆ. ಸಂಜೆ ಮಟ್ಟ ಇಳಿದಾಗ ನೊರೆ ಹುಟ್ಟಿದರೂ ಕತ್ತು ಹತ್ತಲಾರದು. ಅದರ ಮೇಲೆ ನೀವು ವಾಲ್ವ್ ಬೇರೆ ತಿರುಗಿಸುತ್ತಿದ್ದೀರಿ. ಎರಡೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ.

ಮೇಲಿನ ಟ್ಯಾಂಕಿನ ಗುಳ್ಳೆಗೂ ಇದೇ ಜಾಗ ಕಾರಣ. ಸ್ಕಿಮ್ಮರಿನಿಂದ ಹೊರಬರುವ ನೀರಿನಲ್ಲಿ ಸಣ್ಣ ಗುಳ್ಳೆ ಇದ್ದೇ ಇರುತ್ತದೆ, ಹೊಸದರಲ್ಲಂತೂ ಜಾಸ್ತಿ. ಅದು ಅಡ್ಡಗಾಜುಗಳನ್ನು ದಾಟಿ ಬಂದರೆ ದಾರಿಯಲ್ಲೇ ಗುಳ್ಳೆ ಮೇಲೆದ್ದು ಒಡೆಯುತ್ತದೆ. ನಿಮ್ಮಲ್ಲಿ ಪಕ್ಕದಲ್ಲೇ ರಿಟರ್ನ್ ಪಂಪ್ ಬಾಯಿ ತೆರೆದು ಕೂತಿದೆ, ಎಲ್ಲವನ್ನೂ ಎಳೆದು ಮೇಲಕ್ಕೆ ಕಳಿಸುತ್ತಿದೆ.

ಹಾಗಾಗಿ ಸ್ಕಿಮ್ಮರನ್ನು ಮೊದಲ ಚೇಂಬರಿಗೆ ತನ್ನಿ. ಹೀಟರನ್ನು ಮುಂದಿನದಕ್ಕೆ ಸಾಗಿಸಬಹುದು, ಯಾವಾಗಲೂ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಳ್ಳಿ. ಅಲ್ಲಿ ನೀರಿನ ಆಳ ಸ್ಕೇಲ್ ಇಟ್ಟು ಅಳೆಯಿರಿ. ಜಾಸ್ತಿ ಇದ್ದರೆ ಅಡಿಗೆ ಅಕ್ರಿಲಿಕ್ ತುಂಡು ಅಥವಾ ಪ್ಲಾಸ್ಟಿಕ್ ಜಾಲರಿಯ ಸ್ಟ್ಯಾಂಡ್ ಕೊಟ್ಟು ಸ್ಕಿಮ್ಮರ್ ಎತ್ತರಿಸಿ. ಲೋಹದ್ದು ಯಾವುದನ್ನೂ ಇಡಬೇಡಿ. ನಂತರ ವಾಲ್ವ್ ಪೂರ್ತಿ ತೆರೆದು ಶುರು ಮಾಡಿ, ನಿಧಾನವಾಗಿ ಮುಚ್ಚುತ್ತಾ ಬನ್ನಿ. ಗುಳ್ಳೆ ತುಂಬಿದ ನೀರು ಎಲ್ಲಿಗೆ ಮುಗಿದು ನೊರೆ ಎಲ್ಲಿಂದ ಶುರುವಾಗುತ್ತದೆ ಎಂದು ಪಕ್ಕದಿಂದ ನೋಡಿದರೆ ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆ ಕಪ್ಪಿನ ಕತ್ತು ಆರಂಭವಾಗುವ ಜಾಗದಲ್ಲಿ ನಿಂತರೆ ಸಾಕು. ಆಮೇಲೆ ಕೈ ತೆಗೆಯಿರಿ. ಒಂದು ದಿನ ಪೂರ್ತಿ ಕಳೆಯದೆ ವಾಲ್ವ್ ಮುಟ್ಟಬೇಡಿ. ಇದು ಬಹಳ ಮುಖ್ಯ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಆಹಾರ ಹಾಕಿದಾಗ ನೊರೆ ಬೀಳುವುದು ಸಹಜ. ಆಹಾರದಲ್ಲಿರುವ ಎಣ್ಣೆ, ಕೊಬ್ಬು ಗುಳ್ಳೆಯ ಗೋಡೆಯನ್ನು ಒಡೆಯುತ್ತದೆ. ಕೆಲವು ಗಂಟೆಯಲ್ಲಿ ತಾನಾಗೇ ಸರಿಹೋಗುತ್ತದೆ. ಫ್ರೋಜನ್ ಆಹಾರವನ್ನು ಸಣ್ಣ ಜಾಲರಿಯಲ್ಲಿ ತೊಳೆದು ಹಾಕಿದರೆ ಅಷ್ಟು ಬೀಳುವುದಿಲ್ಲ.

ಮರಳುತಳ:

ನಾನು ರಾತ್ರಿ ಸ್ಕಿಮ್ಮರ್ ಆಫ್ ಮಾಡುತ್ತೇನೆ. ಉಕ್ಕುವ ಭಯ ಇರುವುದಿಲ್ಲ, ಸದ್ದೂ ಇಲ್ಲ. ಸೆಟ್ಟಿಂಗ್ ಕೂರುವ ತನಕ ನೀವೂ ಹಾಗೆ ಮಾಡಬಹುದು. ಇನ್ನೊಂದು ಮಾತು, ಹೊಸ ಸ್ಕಿಮ್ಮರ್ ಕೆಲವು ದಿನ ಹುಚ್ಚುಚ್ಚಾಗಿ ಆಡುವುದು ಮಾಮೂಲು. ಒಳಗಿನ ಪ್ಲಾಸ್ಟಿಕ್ ಮೇಲೆ ತಯಾರಿಕೆಯ ಎಣ್ಣೆ ಪಸೆ ಉಳಿದಿರುತ್ತದೆ. ಅದು ಹೋಗಿ ತೆಳುವಾದ ಲೋಳೆ ಪದರ ಕೂತ ಮೇಲೆ ಹದಕ್ಕೆ ಬರುತ್ತದೆ.

ಹವಳದಂಡೆ:

ಹೊಸದರ ವಿಷಯದಲ್ಲಿ ನೀವು ಹೇಳಿದ್ದು ಸರಿ. ಒಂದೆರಡು ವಾರವೂ ಹಿಡಿಯಬಹುದು. ಆದರೆ ರಾತ್ರಿ ಆಫ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಲೈಟ್ ಆರಿದ ಮೇಲೆ ಪಾಚಿ, ಹವಳ ಯಾವುದೂ ಆಮ್ಲಜನಕ ಕೊಡುವುದಿಲ್ಲ, ಎಲ್ಲವೂ ಬಳಸುತ್ತಲೇ ಇರುತ್ತವೆ. ಇಂಗಾಲದ ಡೈಆಕ್ಸೈಡ್ ಏರಿ ಪಿಎಚ್ ಇಳಿಯುವ ಹೊತ್ತು ಅದು. ನೀರಿಗೆ ಗಾಳಿ ಬೆರೆಸುವ ಕೆಲಸವನ್ನು ಸ್ಕಿಮ್ಮರ್ ಚೆನ್ನಾಗಿ ಮಾಡುತ್ತದೆ. ಅದು ತೀರಾ ಬೇಕಾದ ಸಮಯದಲ್ಲೇ ನಿಲ್ಲಿಸಿದ ಹಾಗಾಯಿತು. ಉಕ್ಕುವ ಭಯ ಇದ್ದರೆ ವಾಲ್ವ್ ಸ್ವಲ್ಪ ಹೆಚ್ಚು ತೆರೆದಿಡಿ, ನೊರೆ ಕಡಿಮೆಯಾದರೂ ಗಾಳಿ ಸಿಗುತ್ತಿರುತ್ತದೆ.

ಹೊಸ ಸ್ಕಿಮ್ಮರ್ ಅಲ್ಲದೆಯೂ ಉಕ್ಕುವ ಸಂದರ್ಭಗಳಿವೆ. ಹವಳ ಅಂಟಿಸುವ ಎಪಾಕ್ಸಿ, ಮೀನಿನ ಲೋಳೆ ಕಾಪಾಡುತ್ತದೆ ಎನ್ನುವ ವಾಟರ್ ಕಂಡೀಷನರ್, ಕೆಲವು ಔಷಧಿ, ಕೈಯಲ್ಲಿ ಉಳಿದ ಸೋಪು. ಇವುಗಳಲ್ಲಿ ಯಾವುದಾದರೂ ನೀರಿಗೆ ಸೇರಿದರೆ ಸೆಟ್ಟಿಂಗ್ ಎಷ್ಟೇ ಸರಿ ಇದ್ದರೂ ಕಪ್ ತುಂಬಿ ಹರಿಯುತ್ತದೆ. ಆಗ ವಾಲ್ವ್ ತೆರೆದಿಟ್ಟು ಕಾಯುವುದು, ಬೇಕಿದ್ದರೆ ನೀರು ಬದಲಿಸುವುದು, ಅಷ್ಟೇ ದಾರಿ.

ನೀಲಿಅಲೆ:

ತುಂಬಾ ಥ್ಯಾಂಕ್ಸ್ ಸರ್. ಮೊದಲ ಚೇಂಬರಿನಲ್ಲಿ ಅಳೆದೆ, ನೀರು 24 ಸೆಂ.ಮೀ. ಇತ್ತು. 5 ಸೆಂ.ಮೀ. ಸ್ಟ್ಯಾಂಡ್ ಮಾಡಿ ಇಟ್ಟೆ, ಈಗ 19ಕ್ಕೆ ನಿಂತಿದೆ. ಮೇಲಿನ ಟ್ಯಾಂಕಿನ ಗುಳ್ಳೆ ಮರುದಿನಕ್ಕೇ ಹೋಯಿತು. ಉಕ್ಕುವುದೂ ನಿಂತಿತು. ಕಪ್ಪಿನಲ್ಲಿ ಮೊದಲ ಸಲ ಕಂದು ಬಣ್ಣದ, ವಾಸನೆ ಬರುವ ದ್ರವ ಸೇರಿದಾಗ ಎಷ್ಟು ಖುಷಿಯಾಯಿತು ಗೊತ್ತಾ!

ಆದರೆ ಈಗ ಹೊಸದೊಂದು ಶುರುವಾಗಿದೆ. ವಾಲ್ವ್ ಮುಟ್ಟಿಲ್ಲ, ಸಂಪಿನ ಮಟ್ಟವೂ ಅಷ್ಟೇ ಇದೆ. ಆದರೂ ನೊರೆ ದಿನದಿಂದ ದಿನಕ್ಕೆ ಕೆಳಗಿಳಿಯುತ್ತಿದೆ. ಒಳಗೆ ಮೊದಲು ಹಾಲಿನಂತೆ ಬೆಳ್ಳಗಿದ್ದ ನೀರು ಈಗ ಆಚೆ ಬದಿ ಕಾಣುವಷ್ಟು ತಿಳಿಯಾಗಿದೆ. ಗಾಳಿ ಪೈಪಿನಿಂದ ಸಣ್ಣ ಸಿಳ್ಳೆ ತರಹದ ಸದ್ದು ಬೇರೆ.

ಮರಳುತಳ:

ಸಿಳ್ಳೆ ಅಂದಿರಲ್ಲ, ಗಾಳಿಯ ದಾರಿ ಕಟ್ಟಿಕೊಳ್ಳುತ್ತಿದೆ. ಗಾಳಿ ಪೈಪು ಪಂಪಿಗೆ ಸೇರುವ ಜಾಗದಲ್ಲಿ ಒಣ ಗಾಳಿ ಮತ್ತು ಉಪ್ಪುನೀರು ಸೇರುತ್ತವೆ. ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಆ ತೂತು ತುಂಬ ಸಣ್ಣದು, ಒಂದು ತೆಳು ಪದರ ಕೂತರೂ ಗಾಳಿ ಸಾಕಷ್ಟು ಕಡಿಮೆಯಾಗುತ್ತದೆ.

ಗಾಳಿ ಪೈಪಿನ ಸೈಲೆನ್ಸರ್ (ಸದ್ದು ತಗ್ಗಿಸುವ ಭಾಗ) ತೆಗೆದು ಪೈಪಿನ ಬಾಯಿಗೆ ಬೆರಳಿಟ್ಟು ನೋಡಿ. ಎಳೆತ ಬಲವಾಗಿ ಸಿಕ್ಕಬೇಕು. ಇಲ್ಲದಿದ್ದರೆ ಸ್ಕಿಮ್ಮರ್ ಓಡುತ್ತಿರುವಾಗಲೇ ಪೈಪಿನ ತುದಿಯನ್ನು ಒಂದು ಲೋಟ ಬೆಚ್ಚಗಿನ ಆರ್‌ಒ ನೀರಿಗೆ ಅದ್ದಿ. ಅದೇ ಎಳೆದುಕೊಳ್ಳುತ್ತದೆ, ಉಪ್ಪು ಕರಗಿ ಹೋಗುತ್ತದೆ. ವಾರಕ್ಕೊಮ್ಮೆ ಇದನ್ನು ರೂಢಿ ಮಾಡಿಕೊಂಡರೆ ಸಿಳ್ಳೆ ಮತ್ತೆ ಬರುವುದಿಲ್ಲ.

ನೀಲಿಅಲೆ:

ಮಾಡಿದೆ. ಲೋಟದ ನೀರು ಮೊದಲು ಎಳೆಯಲೇ ಇಲ್ಲ. ಆಮೇಲೆ ತಟಕ್ಕನೆ ಏನೋ ಬಿಟ್ಟುಕೊಂಡ ಹಾಗೆ ಸದ್ದಾಯಿತು, ಲೋಟ ಒಂದೇ ಸಮನೆ ಖಾಲಿಯಾಗತೊಡಗಿತು. ಸ್ಕಿಮ್ಮರಿನ ಒಳಗೆ ಕಣ್ಣೆದುರೇ ಬೆಳ್ಳಗಾಗುತ್ತಾ ಬಂತು. ನಿಮ್ಮಿಬ್ಬರಿಗೂ ವಂದನೆ. ಕಪ್ ಬೇಗ ತುಂಬುವುದರಿಂದ ಅದರ ತೂತಿಗೆ ಪೈಪ್ ಹಾಕಿ ಹೊರಗೆ ಒಂದು ದೊಡ್ಡ ಕ್ಯಾನಿಗೆ ಬಿಡೋಣ ಎಂದಿದ್ದೇನೆ. ನೀರು ತುಂಬುವುದಕ್ಕೂ ಆಟೊ ಟಾಪ್ ಆಫ್ ಹಾಕುತ್ತಿದ್ದೇನೆ. ಬೇರೇನಾದರೂ ಗಮನಿಸಬೇಕಾ?

ಹವಳದಂಡೆ:

ಗಮನಿಸಬೇಕು. ಆ ಎರಡೂ ಒಟ್ಟಿಗೆ ಇದ್ದಾಗ ಅಪಾಯ ಇದೆ.

ಕರೆಂಟ್ ಹೋದರೆ ಮೇಲಿನ ಟ್ಯಾಂಕಿನ ಒಂದಷ್ಟು ನೀರು ಸಂಪಿಗೆ ಇಳಿಯುತ್ತದೆ. ಅಡ್ಡಗಾಜು ಮುಳುಗಿ ಎಲ್ಲ ಚೇಂಬರಿನಲ್ಲೂ ಮಟ್ಟ ಏರುತ್ತದೆ. ಕರೆಂಟ್ ಬಂದ ಕ್ಷಣ ಸ್ಕಿಮ್ಮರ್ ಆ ಎತ್ತರದ ನೀರಿನಲ್ಲೇ ಶುರುವಾಗಿ ಉಕ್ಕುತ್ತದೆ. ಬರೀ ಕಪ್ ಇದ್ದರೆ ಉಕ್ಕಿದ್ದು ಸಂಪಿಗೇ ಬೀಳುತ್ತದೆ, ಕೊಳೆ ವಾಪಸ್ ಸೇರುತ್ತದೆ, ಅಷ್ಟೇ. ಹೊರಗಿನ ಕ್ಯಾನಿಗೆ ಪೈಪ್ ಹಾಕಿದ್ದರೆ ಉಪ್ಪುನೀರು ಸಿಸ್ಟಮ್ಮಿನಿಂದಲೇ ಹೊರಗೆ ಹೋಗುತ್ತದೆ. ರಿಟರ್ನ್ ಚೇಂಬರಿನಲ್ಲಿ ಮಟ್ಟ ಇಳಿದಿದ್ದನ್ನು ಕಂಡು ಆಟೊ ಟಾಪ್ ಆಫ್ ಸಿಹಿನೀರು ಸುರಿಯುತ್ತದೆ. ಲೆಕ್ಕ ಹಾಕಿ, 250 ಲೀಟರಿನಲ್ಲಿ 25 ಲೀಟರ್ ಹೀಗೆ ಹೋದರೆ ಉಪ್ಪು ಹತ್ತರಲ್ಲಿ ಒಂದು ಪಾಲು ಕಡಿಮೆ. ಲೀಟರಿಗೆ 35 ಗ್ರಾಂ ಇದ್ದದ್ದು 31.5ಕ್ಕೆ ಬರುತ್ತದೆ. ಮೀನು ತಡೆದುಕೊಂಡರೂ ಹವಳಕ್ಕೆ ಅಷ್ಟು ಬೇಗ ಅಷ್ಟು ಬದಲಾವಣೆ ಒಳ್ಳೆಯದಲ್ಲ.

ಹಾಗಾಗಿ ದೊಡ್ಡ ಕ್ಯಾನ್ ಬೇಡ. 2 ಲೀಟರಿನದು ಸಾಕು, ಅದರ ಮುಚ್ಚಳದಲ್ಲಿ ಫ್ಲೋಟ್ ಸ್ವಿಚ್ ಇರಲಿ. ಕ್ಯಾನ್ ತುಂಬಿದರೆ ಸ್ಕಿಮ್ಮರ್ ಪಂಪ್ ತಾನೇ ನಿಲ್ಲಬೇಕು. ಗಾಳಿ ಹೋಗಲು ಮುಚ್ಚಳದಲ್ಲಿ ಇನ್ನೊಂದು ತೂತು ಬಿಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿ ಕೊಳೆ ಇಳಿಯುವುದೇ ಇಲ್ಲ. ಕರೆಂಟ್ ಬಂದ ಕೆಲವು ನಿಮಿಷದ ನಂತರ ಸ್ಕಿಮ್ಮರ್ ಶುರುವಾಗುವ ಹಾಗೆ ಡಿಲೇ ಪ್ಲಗ್ ಹಾಕಿ. ಆಟೊ ಟಾಪ್ ಆಫ್‌ನ ಸಿಹಿನೀರಿನ ಡಬ್ಬವೂ ಸಣ್ಣದೇ ಇರಲಿ, ಪೂರ್ತಿ ಸುರಿದರೂ ಅನಾಹುತ ಆಗದಷ್ಟು.

ಹೊರಗೆ ಕ್ಯಾನ್ ಇದೆ ಎಂದು ಕತ್ತು ತೊಳೆಯುವುದನ್ನು ಬಿಡಬೇಡಿ. ಒಳಗೋಡೆಗೆ ಜಿಡ್ಡು ಕಟ್ಟಿದರೆ ನೊರೆ ಮೇಲೇರದೆ ಅಲ್ಲೇ ಒಡೆಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕಪ್ ಬಿಚ್ಚಿ ಬರೀ ನೀರಿನಲ್ಲಿ ಒರೆಸಿ, ಸೋಪು ಬೇಡ. ಕೆಲವು ತಿಂಗಳಿಗೊಮ್ಮೆ ಪಂಪ್ ಬಿಚ್ಚಿ ನೀರು ಬೆರೆಸಿದ ವಿನೆಗರಿನಲ್ಲಿ ನೆನೆಹಾಕಿದರೆ ನೀಡಲ್ ವೀಲಿಗೆ ಕಟ್ಟಿದ ಸುಣ್ಣ ಬಿಡುತ್ತದೆ. ಚೆನ್ನಾಗಿ ತೊಳೆದು ಮತ್ತೆ ಹಾಕಿ.

ಫ್ಲೋಟ್ ಸ್ವಿಚ್ ಹಾಕಿದ ಮೇಲೆ ಕ್ಯಾನಿಗೆ ಕೈಯಾರೆ ನೀರು ತುಂಬಿಸಿ ಪಂಪ್ ನಿಜವಾಗಿ ನಿಲ್ಲುತ್ತದಾ ನೋಡಿ. ನಿಂತರೆ ಇಲ್ಲಿ ಒಂದು ಸಾಲು ಬರೆಯಿರಿ.