ಫೆಬ್ರವರಿಯಲ್ಲಿ ಗುಲ್ಮಾರ್ಗ್: ಹಿಮ ಸಿಗುತ್ತದಾ? ಹೋಗಿ ಬಂದವರು ಹೇಳಿ

ಆಲ್ದೂರು ಅರೇಬಿಕಾ:
ಈ ಸಲ ಕಾಫಿ ಹಣ್ಣು ಕುಯ್ಲು ಬೇಗ ಮುಗಿಯಿತು. ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬರುವುದರೊಳಗೆ ಒಂದು ವಾರ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಬರೋಣ ಅಂತ ಮನೆಯಲ್ಲಿ ಮಾತು. ಮಕ್ಕಳಿಗೆ ಸ್ಕೀ ಕಲಿಯಲೇಬೇಕಂತೆ. ಜೊತೆಗೆ ಅಪ್ಪಯ್ಯ ಇದ್ದಾರೆ, 70 ದಾಟಿದೆ, ಮಂಡಿ ನೋವು. ಫೆಬ್ರವರಿ ಎರಡನೇ ವಾರ ಹಿಮ ಗ್ಯಾರಂಟಿನಾ? ಅಪ್ಪಯ್ಯನನ್ನು ಕರೆದುಕೊಂಡು ಹೋಗಬಹುದಾ?

ಹಾಸನ ಕೆ.ಆರ್. ಪುರಂ:
ಗ್ಯಾರಂಟಿ ಅನ್ನುವ ಮಾತೇ ಬೇಡ ಸರ್. ನಾವು ಹೋಗಿದ್ದು 2024ರ ಸಂಕ್ರಾಂತಿ ಹೊತ್ತಿಗೆ. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲೈ ಕಲಾನ್, ಕಾಶ್ಮೀರದ ಅತಿ ಕೆಟ್ಟ ಚಳಿಗಾಲ. ಆ ಲೆಕ್ಕ ಹಾಕಿಯೇ ಬುಕ್ ಮಾಡಿದ್ದು. ಹೋಗಿ ನೋಡಿದರೆ ಒಣಗಿದ ಹುಲ್ಲು! ನಾಲ್ಕು ವಿಮಾನ ಟಿಕೆಟ್ 71,400. ಹೋಟೆಲ್ 28,500, ಅದರಲ್ಲಿ ಹೀಟರ್‌ಗೆ ಬೇರೆ ಚಾರ್ಜು. ಬಾಡಿಗೆ ಕೋಟು, ಗಮ್‌ಬೂಟು ಸೇರಿ 1,600. ಆ ಬೂಟಿನೊಳಗೆ ಹಿಂದಿನವರ ಕಾಲಿನ ಒದ್ದೆ ಇನ್ನೂ ಆರಿರಲಿಲ್ಲ. ಹಿಮವೇ ಇಲ್ಲ, ಬೂಟು ಯಾಕಪ್ಪಾ ಅಂದರೆ "ಮೇಲೆ ಇದೆ ಸಾಬ್" ಅಂದ. ಮೇಲೆ ಕುದುರೆಯವನು 1,800 ತಗೊಂಡು, ಮರದ ನೆರಳಲ್ಲಿ ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಮಣ್ಣು ಮೆತ್ತಿದ ಹಿಮ ತೋರಿಸಿದ. ನಾವು ವಾಪಸ್ ಬಂದ ಮೇಲೆ, ಜನವರಿ ಕೊನೆಗೆ, ಅಲ್ಲಿ ಸುರಿಯೋಕೆ ಶುರುವಾಯಿತು. ಟಿವಿಯಲ್ಲಿ ಅದು ಬಂದರೆ ನಮ್ಮಾಕೆ ಈಗಲೂ ಚಾನೆಲ್ ಬದಲಿಸುತ್ತಾಳೆ.

ಮೂಡಿಗೆರೆ ಸಿಲ್ವರ್‌ಓಕ್:
ಚಳಿ ಜಾಸ್ತಿ ಇದ್ದರೆ ಹಿಮ ಬೀಳುತ್ತದೆ ಅಂತ ಯಾರು ಹೇಳಿದ್ದು ಮಾರಾಯ್ರೆ? ಬರೀ ಚಳಿಗೆ ಹಿಮ ಬೀಳಲ್ಲ, ತೇವ ಬರಬೇಕು. ಅದು ಬರುವುದು ಮೆಡಿಟರೇನಿಯನ್ ಕಡೆಯಿಂದ, ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರಲ್ಲ, ಆ ಮಳೆ-ಗಾಳಿಯ ಜೊತೆ. ಅದು ಬಾರದಿದ್ದರೆ ಮೈನಸ್ ಹತ್ತಾದರೂ ಒಣ ಬಿಸಿಲೇ. ಹಾಗಾಗಿ ಕ್ಯಾಲೆಂಡರ್ ನೋಡಬೇಡಿ, ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ.

ನಾವು ಫೆಬ್ರವರಿ ಕೊನೆಗೆ ಹೋದೆವು. ಸೊಂಟದ ಮಟ್ಟ ಹಿಮ! ತೋಟದವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ, ಹತ್ತು ಇಂಚು ಹಿಮ ಕರಗಿಸಿದರೆ ನಮ್ಮ ಮಳೆ ಮಾಪಕದಲ್ಲಿ ಒಂದು ಇಂಚು ನೀರು ಬರುತ್ತದೆ. ಒಣ ಹಿಮವಾದರೆ ಅಷ್ಟೂ ಇಲ್ಲ. ಸ್ಕೀಗೆ ಬೇಕಾಗಿರುವುದು ಆ ಒಣ ಹಿಮವೇ. ಬೆಳಿಗ್ಗೆ ಮೇಲ್ಪದರ ಗಟ್ಟಿ ಇರುತ್ತದೆ, ಕರಕರ ಅನ್ನುತ್ತದೆ, ಸ್ಕೀಯ ಅಂಚು ಕಚ್ಚುವುದೇ ಇಲ್ಲ. ಬಿಸಿಲೇರಿದ ಮೇಲೆ ಒಂದೆರಡು ಗಂಟೆ ಬಂಗಾರದಂಥ ಹೊತ್ತು. ಮಧ್ಯಾಹ್ನದ ಮೇಲೆ ರಾಗಿ ಅಂಬಲಿ ಆಗುತ್ತದೆ, ಸಿಕ್ಕಿಕೊಂಡರೆ ಮಂಡಿ ತಿರುಚುತ್ತದೆ. ಮಕ್ಕಳಿಗೆ ಬೆಳಿಗ್ಗೆ ಹತ್ತರ ಮೇಲೆ ಪಾಠ ಹಾಕಿಸಿ. ಕಲಿಸುವವನಿಗೆ 2,000, ಸ್ಕೀ ಮತ್ತು ಬೂಟಿಗೆ 1,000 ಕೊಟ್ಟೆವು. ಅವನು ಕೇಳಿದ್ದು 6,500.

ಹಾಸನ ಕೆ.ಆರ್. ಪುರಂ:
ಫೆಬ್ರವರಿ ಕೊನೆ ಅಂದರೆ ದೊಡ್ಡ ಗುಟ್ಟೇನೂ ಅಲ್ಲ ಸಿಲ್ವರ್‌ಓಕ್ ಅವರೇ. 2025ರ ಫೆಬ್ರವರಿ 22ಕ್ಕೆ ಗುಲ್ಮಾರ್ಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಇತ್ತು. ಹಿಮ ಇಲ್ಲ ಅಂತ ಮುಂದೂಡಿ, ಮಾರ್ಚ್ 9ಕ್ಕೆ ಶುರು ಮಾಡಿದರು. ಸರ್ಕಾರಕ್ಕೇ ಸಿಗದ ಹಿಮ ನಿಮಗೆ ಸಿಕ್ಕಿತು ಅಂದರೆ ಅದೃಷ್ಟ, ಜ್ಞಾನ ಅಲ್ಲ.

ಮೂಡಿಗೆರೆ ಸಿಲ್ವರ್‌ಓಕ್:
ಮುನ್ಸೂಚನೆ ನೋಡಿ ಅಂತ ಅದಕ್ಕೇ ಹೇಳಿದ್ದು. ಓದಿ ಆಮೇಲೆ ಬೈಯಿರಿ.

ಬಸವನಹಳ್ಳಿ ರಸ್ತೆ:
ಹಿಮ ಇಲ್ಲ ಅಂತ ಅಳುವವರೇ, ಜಾಸ್ತಿ ಆದರೆ ಏನಾಗುತ್ತದೆ ಕೇಳಿ. ಟಂಗ್‌ಮಾರ್ಗ್‌ನಲ್ಲೇ ನಮ್ಮ ಗಾಡಿ ನಿಲ್ಲಿಸಿದರು. ಅಲ್ಲಿಂದ ಗುಲ್ಮಾರ್ಗ್ 13 ಕಿಲೋಮೀಟರ್ ಏರು, ಟಯರ್‌ಗೆ ಚೈನ್ ಕಟ್ಟಿದ ಗಾಡಿ ಬೇಕು. ಹೋಗೋಕೆ 3,500, ಇಳಿಯೋಕೆ 4,000. ಇಳಿಯೋಕೆ ಯಾಕೆ ಜಾಸ್ತಿ ಅಂದರೆ "ಬ್ರೇಕ್ ಹಿಡಿಯಲ್ಲ ಸಾಬ್" ಅಂದ. ಆ ಮಾತು ಕೇಳಿ ನಮ್ಮತ್ತೆ ದಾರಿಯುದ್ದಕ್ಕೂ ಕಣ್ಣು ಬಿಡಲಿಲ್ಲ.

ಗೊಂಡೋಲ ಅಂದರೆ ಅಲ್ಲಿಯ ಕೇಬಲ್ ಕಾರು. ಅದರ ಎರಡನೇ ಹಂತ, ಅಫರ್ವತ್ ಬೆಟ್ಟದವರೆಗಿನದು, ಬಂದ್. ಗಾಳಿ ಜೋರಾದರೆ, ಹಿಮ ಜಾರುವ ಎಚ್ಚರಿಕೆ ಇದ್ದರೆ ಓಡಿಸಲ್ಲ. ಬಂದ್ ಮಾಡಿದ್ದು ಸರಿಯೇ. 2023ರ ಫೆಬ್ರವರಿ 1ಕ್ಕೆ ಅಲ್ಲೇ ಹಿಮಕುಸಿತಕ್ಕೆ ಇಬ್ಬರು ಪೋಲೆಂಡಿನವರು ಸತ್ತರು. ಮರುವರ್ಷ ಅದೇ ತಿಂಗಳು ಖಿಲನ್‌ಮಾರ್ಗ್ ಹತ್ತಿರ ರಷ್ಯಾದ ಒಬ್ಬರು. ಆದರೆ ನಮ್ಮೂರಿನ ಟ್ರಾವೆಲ್ಸ್‌ನವನು ಎರಡೂ ಹಂತ ಪ್ಯಾಕೇಜಿನಲ್ಲಿ ಇದೆ ಅಂತ ದುಡ್ಡು ಹಿಡಿದಿದ್ದ, ವಾಪಸ್ ಕೇಳಿದರೆ ಫೋನೇ ಎತ್ತಲ್ಲ. ಆಮೇಲೆ ಶ್ರೀನಗರದಲ್ಲಿ ವಿಮಾನ ರದ್ದು. ಮತ್ತೆ ಟಿಕೆಟ್‌ಗೆ ತಲೆಗೆ 13,200. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ಸತ್ತ ಹಾಗೆ, ಹೊರ ರಾಜ್ಯದ್ದು ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಫೋನ್‌ಪೇ ಇಲ್ಲ, ಕೈಯಲ್ಲಿ ನೋಟಿಲ್ಲ, ಚಹಾಕ್ಕೂ ಸಾಲ!

ಸಕಲೇಶಪುರ ಘಾಟಿ:
ಅಷ್ಟು ದೂರ ಯಾಕೆ? ನಾವು ಮನಾಲಿಗೆ ಹೋದೆವು. ಸೋಲಾಂಗ್‌ನಲ್ಲಿ ಹಿಮ ಇಲ್ಲ ಅಂದರೆ ಅಟಲ್ ಸುರಂಗ ದಾಟಿ ಸಿಸ್ಸು. 9 ಕಿಲೋಮೀಟರ್ ಸುರಂಗದ ಈ ಕಡೆ ಬರೀ ಕಲ್ಲು, ಆ ಕಡೆ ಬೆಳ್ಳಗೆ. ಗುಲ್ಮಾರ್ಗ್ ಎಲ್ಲ ಸುಮ್ನೆ ಹೆಸರು.

ಬಸವನಹಳ್ಳಿ ರಸ್ತೆ:
2024ರ ಡಿಸೆಂಬರ್‌ನಲ್ಲಿ ಅದೇ ಸೋಲಾಂಗ್‌ನಿಂದ ಸುರಂಗದವರೆಗೆ ಸಾವಿರದಷ್ಟು ಗಾಡಿ ಹಿಮದಲ್ಲಿ ಸಿಕ್ಕಿಕೊಂಡಿದ್ದವು. ಅದನ್ನೂ ಹೇಳಿ.

ಸಕಲೇಶಪುರ ಘಾಟಿ:
ಶಿರಾಡಿಯಲ್ಲಿ ಪ್ರತೀ ಮಳೆಗಾಲ ಕಾಯುವವರು ನಾವು. ಜಾಮ್ ತೋರಿಸಿ ಹೆದರಿಸಬೇಡಿ.

ಬೇಲೂರು ಮೇಷ್ಟ್ರು:
ಉತ್ತರಾಖಂಡದ ಔಲಿ ಯಾರೂ ಹೇಳಲಿಲ್ಲ. ಇಳಿಜಾರು ಚೆನ್ನಾಗಿದೆ, ನಂದಾದೇವಿ ಎದುರಿಗೇ ಕಾಣುತ್ತದೆ. ಆದರೆ 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಬಿರುಕು ಬಿಟ್ಟಾಗ ಅಲ್ಲಿಂದ ಔಲಿಗೆ ಏರುವ ರೋಪ್‌ವೇ ನಿಲ್ಲಿಸಿದರು. ನಾವು ರಸ್ತೆಯಲ್ಲೇ ಏರಿದ್ದು, ದಾರಿಯಲ್ಲಿ ಮಗಳಿಗೆ ವಾಂತಿ. ಋಷಿಕೇಶದಿಂದ ಟ್ಯಾಕ್ಸಿಗೆ 9,000, ಸೀಟು ತೊಳೆಸಿದ್ದಕ್ಕೆ 500 ಬೇರೆ.

ಗೋಣಿಬೀಡು ರೋಬಸ್ಟಾ:
ಫೆಬ್ರವರಿಯಲ್ಲಿ ತೋಟ ಬಿಟ್ಟು ಹಿಮ ನೋಡೋಕೆ ಹೋಗುವವರನ್ನು ಈಗಲೇ ನೋಡಿದ್ದು. ನಮ್ಮದು ಕುಯ್ಲು ಇನ್ನೂ ಅರ್ಧ ಆಗಿದೆ, ಕಣದಲ್ಲಿ ಕಾಫಿ ಇದೆ. ಇಪ್ಪತ್ತು ಸೆಂಟ್, ಇಂಚಿನ ಐದನೇ ಒಂದು ಭಾಗ, ಮಳೆ ಬಿದ್ದು ನಿಂತಿತು ಅಂದರೆ ಮೊಗ್ಗು ಅರ್ಧ ಅರಳಿ ಹಾಳು. ಆಗ ಸ್ಪ್ರಿಂಕ್ಲರ್ ಯಾರು ಓಡಿಸುತ್ತಾರೆ, ಕಾಶ್ಮೀರದ ಕುದುರೆಯವನಾ?

ಮೂಡಿಗೆರೆ ಸಿಲ್ವರ್‌ಓಕ್:
ಅವರ ಹೆಸರಲ್ಲೇ ಅರೇಬಿಕಾ ಇದೆ ಗೌಡ್ರೆ, ಅದರ ಕುಯ್ಲು ರೋಬಸ್ಟಾಕ್ಕಿಂತ ಮೊದಲೇ ಮುಗಿಯುತ್ತದೆ.

ಗೋಣಿಬೀಡು ರೋಬಸ್ಟಾ:
ಆಲ್ದೂರಲ್ಲಿ ರೋಬಸ್ಟಾ ಇಲ್ವಾ? ನಿಮ್ಮ ತೋಟದಲ್ಲೇ ಕೆಳಗಿನ ಬ್ಲಾಕ್ ಪೂರ್ತಿ ರೋಬಸ್ಟಾ. ಹೋದ ವರ್ಷ ನೀರು ಒಂದೂವರೆ ಇಂಚು ಕೊಡೋದು ಬಿಟ್ಟು ಮುಕ್ಕಾಲು ಇಂಚಿಗೆ ಪಂಪ್ ನಿಲ್ಲಿಸಿದಿರಿ. ಹೂ ನೋಡಿದ್ದೇನೆ ನಾನು.

ಮೂಡಿಗೆರೆ ಸಿಲ್ವರ್‌ಓಕ್:
ಕೆರೆಯಲ್ಲಿ ನೀರಿರಲಿಲ್ಲ! ಮೇಲಿನ ಹಳ್ಳಕ್ಕೆ ಅಡ್ಡ ಮಣ್ಣು ಹಾಕಿದ್ದು ಯಾರು ಅಂತ ಇಲ್ಲಿ ಹೇಳಲಾ?

ಆಲ್ದೂರು ಅರೇಬಿಕಾ:
ಅಣ್ಣಂದಿರೇ, ಅಪ್ಪಯ್ಯನ ಮಂಡಿ ವಿಷಯ ಯಾರಾದರೂ ಹೇಳಿ.

ಬೇಲೂರು ಮೇಷ್ಟ್ರು:
ಗೊಂಡೋಲದ ಮೊದಲ ಹಂತ ಕೊಂಗ್ಡೂರಿವರೆಗೆ, ಕ್ಯಾಬಿನ್‌ನಲ್ಲಿ ಕೂತೇ ಹೋಗಬಹುದು. ಆಪತ್ತು ಇರುವುದು ಜನ ತುಳಿದು ಗಾಜಿನ ಹಾಗಾದ ದಾರಿಯಲ್ಲಿ. ಕೋಲು ಒಯ್ಯಿರಿ, ಕೆಳಗೆ ಕಬ್ಬಿಣದ ಮೊನೆ ಇರಲಿ. ಟಿಕೆಟ್ ಆನ್‌ಲೈನ್‌ನಲ್ಲೇ ತಗೊಳ್ಳಿ.

ಗೋಣಿಬೀಡು ರೋಬಸ್ಟಾ:
ಮಣ್ಣು ಹಾಕಿದ್ದು ನಾನಲ್ಲ. ಪಂಚಾಯ್ತಿಯವರನ್ನು ಕೇಳಿ.

ಹಾಸನ ಕೆ.ಆರ್. ಪುರಂ:
ಆಲ್ದೂರಿನವರೇ, ನಮ್ಮ ಹತ್ತಿರ ನಾಲ್ಕು ಜೊತೆ ಥರ್ಮಲ್ ಇದೆ. ಒಂದಕ್ಕೂ ಹಿಮ ಸೋಕಿಲ್ಲ. ಅರ್ಧ ರೇಟಿಗೆ ಕೊಡುತ್ತೇನೆ, ಬೇಕಿದ್ದರೆ ಹೇಳಿ.