ಸಹಾಯ ಬೇಕು: ಬಬಲ್‌ನಲ್ಲಿ ಏಸ್-ಜ್ಯಾಕ್ ಬಿಡಬೇಕಿತ್ತಾ?

ಪೋಕರ್ ಗೊತ್ತಿರುವವರು ಈ ಕೈ ಸ್ವಲ್ಪ ನೋಡಿ. ಟೂರ್ನಮೆಂಟ್‌ನಲ್ಲಿ ಉಳಿದವರು 10, ದುಡ್ಡು ಸಿಗುವುದು 9 ಜನಕ್ಕೆ. ಇದೇ ಬಬಲ್: ಇನ್ನೊಬ್ಬ ಔಟ್ ಆದರೆ ಉಳಿದವರಿಗೆಲ್ಲ ದುಡ್ಡು. ನಾನು ಬಿಗ್ ಬ್ಲೈಂಡ್ (ಕಾರ್ಡ್ ನೋಡುವ ಮುಂಚೆಯೇ ದೊಡ್ಡ ಕಡ್ಡಾಯ ಪಣ ಹಾಕುವ ಸೀಟು), ಆ ಪಣವೂ ಸೇರಿ ಒಟ್ಟು 20 ಬ್ಲೈಂಡ್‌ನಷ್ಟು ಚಿಪ್ಸ್, ಏಸ್-ಜ್ಯಾಕ್ ಬಂದಿದೆ. ಎಲ್ಲರೂ ಫೋಲ್ಡ್ ಮಾಡಿದ (ಕೈ ಬಿಟ್ಟ) ಮೇಲೆ ಸ್ಮಾಲ್ ಬ್ಲೈಂಡ್‌ನಲ್ಲಿ (ಚಿಕ್ಕ ಕಡ್ಡಾಯ ಪಣದ ಸೀಟು) ಚಿಪ್ಸ್ ಗುಡ್ಡೆ ಹಾಕಿಕೊಂಡು ಕೂತಿದ್ದ ಆಸಾಮಿ ಆಲ್-ಇನ್ ಅಂದ, ಅಂದ್ರೆ ಇದ್ದ ಚಿಪ್ಸ್ ಎಲ್ಲ ಪಣಕ್ಕೆ. ನಾನೂ ನನ್ನದೆಲ್ಲ ಹಾಕಿ ಕಾಲ್ ಮಾಡಿದೆ. ಅವನ ಹತ್ರ ಜೋಡಿ 6, ನಾನು ಔಟ್. ಪಕ್ಕದ ಟೇಬಲ್‌ನಲ್ಲಿ ಒಬ್ಬ ಬರೀ 2 ಬ್ಲೈಂಡ್ ಇಟ್ಟುಕೊಂಡು ಕಾಯ್ತಿದ್ದ, ಅದೇ ಹೊಟ್ಟೆ ಉರಿಸುತ್ತಿದೆ!

ಆಂಟಿ (ಬ್ಲೈಂಡ್ ಅಲ್ಲದೆ ಪ್ರತಿ ಕೈಗೂ ಹಾಕಬೇಕಾದ ಚಿಕ್ಕ ಪಣ) ಇರಲಿಲ್ಲ. ಬರೀ ಚಿಪ್ಸ್ ಲೆಕ್ಕದಲ್ಲಿ 1 ಬ್ಲೈಂಡ್ ಆಗಲೇ ಹಾಕಿದ್ದ ನಾನು ಇನ್ನೂ 19 ಹಾಕಿದರೆ ಪಾಟ್ (ಗೆದ್ದವನಿಗೆ ಸಿಗುವ ಒಟ್ಟು ಪಣ) 40, ಅಂದ್ರೆ 47.5% ಗೆಲುವು ಸಾಕು. ಆದರೆ ಐಸಿಎಂ (ಚಿಪ್ಸ್‌ಗೆ ಬಹುಮಾನದ ದುಡ್ಡಿನಲ್ಲಿ ಬೆಲೆ ಕಟ್ಟುವ ಲೆಕ್ಕ) ಪ್ರಕಾರ ಗೆಲ್ಲುವ ಚಿಪ್ಸ್‌ಗಿಂತ ಕಳೆದುಕೊಳ್ಳುವ ಚಿಪ್ಸ್‌ಗೆ ಬೆಲೆ ಜಾಸ್ತಿ ಅಲ್ವಾ? ಹಾಗಾದರೆ ಎಷ್ಟು ಬೇಕು, ಟೇಬಲ್‌ನಲ್ಲಿ ಕೂತೇ ಅಂದಾಜು ಮಾಡೋದು ಹೇಗೆ? ಸುಮ್ನೆ ‘ಅದೃಷ್ಟ ಸರಿಯಿಲ್ಲ’ ಅನ್ನಬೇಡಿ, ಲೆಕ್ಕ ಹೇಳಿಕೊಡಿ.