ಗೇಮಿಂಗ್ ಕಂಪ್ಯೂಟರ್‌ಗೆ ಯಾವ ಬಿಡಿಭಾಗ? ಶಿವಮೊಗ್ಗದ ಗುಂಪಿನಲ್ಲಿ ಒಂದು ಸಂಜೆಯ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರ ಪ್ರಶ್ನೆಗಳಿಗೆ ದುರ್ಗಿಗುಡಿಯ ನಮ್ಮ ತಂತ್ರಜ್ಞರು ಇಂದು ಸಂಜೆ ಏಳರಿಂದ ಉತ್ತರಿಸುತ್ತಾರೆ. ನಿಮ್ಮ ಊರು, ಬಜೆಟ್, ಆಡುವ ಆಟ, ಈಗಾಗಲೇ ಕೊಂಡಿರುವ ಭಾಗಗಳು ಇಷ್ಟನ್ನೂ ಬರೆಯಿರಿ. ಫಾರ್ವರ್ಡ್ ಸಂದೇಶಗಳು ದಯವಿಟ್ಟು ಬೇಡ.

ಭದ್ರಾವತಿ: ನಮಸ್ಕಾರ ಸರ್. ಬಜೆಟ್ 60 ಸಾವಿರ. ಜಿಟಿಎ 5, ವ್ಯಾಲೊರಂಟ್ ಆಡುತ್ತೇನೆ. 1080ಪಿ ಮಾನಿಟರ್ ಇದೆ. ಅಂಗಡಿಯಲ್ಲಿ ರೈಝನ್ 5 5600ಜಿ ಪ್ರೊಸೆಸರ್, ಎ520 ಮದರ್‌ಬೋರ್ಡ್, ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಒಂದಕ್ಕೊಂದು ಹೊಂದುತ್ತವೆಯೇ?

ತಂತ್ರಜ್ಞರು: ನಮಸ್ಕಾರ. ಹೊಂದುತ್ತವೆ, ಆದರೆ ಕೊಳ್ಳಬೇಡಿ. 6500 ಎಕ್ಸ್‌ಟಿ ಪ್ರೊಸೆಸರ್‌ನೊಂದಿಗೆ ಮಾತಾಡುವುದು ನಾಲ್ಕೇ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳಲ್ಲಿ (ಕಾರ್ಡ್ ಮತ್ತು ಪ್ರೊಸೆಸರ್ ನಡುವೆ ಮಾಹಿತಿ ಓಡಾಡುವ ದಾರಿ). ನಾಲ್ಕನೆಯ ತಲೆಮಾರಿನ ಬೋರ್ಡಿನಲ್ಲಿ ಅದು ಹೇಗೋ ನಡೆಯುತ್ತದೆ. 5600ಜಿ ಮತ್ತು ಎ520 ಎರಡೂ ಮೂರನೆಯ ತಲೆಮಾರಿನವು, ಹಾಗಾಗಿ ಆ ಕಿರಿದಾದ ದಾರಿಯ ವೇಗವೂ ಅರ್ಧಕ್ಕೆ ಇಳಿಯುತ್ತದೆ. ಕಾರ್ಡಿನ ಸ್ವಂತ ಮೆಮೊರಿ ಬರೀ 4 ಜಿಬಿ. ಅದು ತುಂಬಿದ ಕೂಡಲೇ ಆಟ ಎಡವುತ್ತದೆ.

ಇನ್ನು 5600ಜಿಯ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, 16 ಎಂಬಿ, ಬರಿಯ 5600ರಲ್ಲಿ 32 ಎಂಬಿ. ಪ್ರತ್ಯೇಕ ಕಾರ್ಡ್ ಹಾಕುವವರಿಗೆ ‘ಜಿ’ ಅಕ್ಷರದ ಒಳಗಿನ ಗ್ರಾಫಿಕ್ಸ್ ಏಕೆ ಬೇಕು? 5600, ಬಿ550 ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಆರ್‌ಎಕ್ಸ್ 6600 ಕೇಳಿ. ಈ ಕಾರ್ಡಿಗೆ 8 ಜಿಬಿ ಮೆಮೊರಿ, ಎಂಟು ದಾರಿ, 132 ವ್ಯಾಟ್. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ ಬಜೆಟ್ ಬಿಗಿಯಾಗುತ್ತದೆ. ಗಾಜಿನ ಕ್ಯಾಬಿನೆಟ್ಟು, ಬಣ್ಣದ ದೀಪದ ಫ್ಯಾನುಗಳಲ್ಲಿ ಉಳಿಸಿ. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಇಳಿಸಿಕೊಡುವ ಪೆಟ್ಟಿಗೆ, ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ.

ಸಾಗರ: ಸರ್, ಇಂಟೆಲ್ ಐ5 12400ಎಫ್ ಪ್ರೊಸೆಸರ್, ಎಚ್610 ಬೋರ್ಡ್. ಎಲ್ಲಾ ಫ್ಯಾನ್ ತಿರುಗುತ್ತವೆ, ಮಾನಿಟರ್ ಕಪ್ಪಗೇ ಇದೆ.

ತಂತ್ರಜ್ಞರು: ‘ಎಫ್’ ಎಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಮಾನಿಟರಿನ ಕೇಬಲನ್ನು ಬೋರ್ಡಿನಿಂದ ತೆಗೆದು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿ.

ಹೊಸನಗರ: ಬಿ760 ಡಿಡಿಆರ್4 ಬೋರ್ಡ್ ಇದೆ. ಡಿಡಿಆರ್5 ರ‍್ಯಾಮ್ ತರಿಸಿದ್ದೇನೆ. ಒಂದು ಕಡೆ ಕೂರುತ್ತದೆ, ಇನ್ನೊಂದು ಕಡೆ ಎದ್ದೇ ಇರುತ್ತದೆ. ಸ್ವಲ್ಪ ಜೋರಾಗಿ ಒತ್ತಲೇ?

ತಂತ್ರಜ್ಞರು: ಒತ್ತಬೇಡಿ! ಎರಡರ ಕಚ್ಚು ಬೇರೆ ಬೇರೆ ಕಡೆ ಇರುವುದೇ ತಪ್ಪಾಗಿ ಹಾಕಬಾರದೆಂದು. ನಿಮ್ಮ ಪ್ರೊಸೆಸರ್ ಎರಡನ್ನೂ ಒಪ್ಪುತ್ತದೆ, ಬೋರ್ಡ್ ಒಂದನ್ನು ಮಾತ್ರ. ಪೊಟ್ಟಣ ಹಾಳಾಗುವ ಮೊದಲು ಹಿಂದಿರುಗಿಸಿ.

ತೀರ್ಥಹಳ್ಳಿ ಹತ್ತಿರದ ಹಳ್ಳಿ: ಅಣ್ಣ, ನನ್ನದೂ 12400ಎಫ್. ಸದ್ಯ ಹಳೆಯ ಜಿಟಿ 710 ಕಾರ್ಡ್ ಇದೆ, ಆರ್‌ಟಿಎಕ್ಸ್ 3060 ಹಾಕಬೇಕು. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬಂದದ್ದು, 450 ವ್ಯಾಟ್. ಸಾಕೇ? ಇನ್ನೊಂದು ಸಣ್ಣ ವಿಷಯ. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದರೆ ಜುಮ್ ಎನ್ನುತ್ತದೆ. ಚಪ್ಪಲಿ ಹಾಕಿದರೆ ಏನೂ ಇಲ್ಲ. ನಿನ್ನೆ ತಂಗಿಗೂ ಹಾಗೇ ಆಯಿತು.

ತಂತ್ರಜ್ಞರು: ಅದು ಸಣ್ಣ ವಿಷಯ ಅಲ್ಲ ತಮ್ಮ. ಮೊದಲು ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ಕಿತ್ತಿಡು, ಆಮೇಲೆ ಹೇಳು. ಎಲ್ಲಿಂದ ಕರೆಂಟ್ ತೆಗೆದುಕೊಂಡಿದ್ದೀಯ? ನೆಲ ಯಾವುದು? ಅದೇ ಸ್ವಿಚ್‌ಬೋರ್ಡಿನಲ್ಲಿ ಬೇರೇನಾದರೂ ನಡೆಯುತ್ತದೆಯೇ?

ತೀರ್ಥಹಳ್ಳಿ ಹತ್ತಿರದ ಹಳ್ಳಿ: ಕಿತ್ತಿದ್ದೇನೆ ಅಣ್ಣ. ಜಗಲಿಯ ಬೋರ್ಡಿನಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದಿದ್ದೇನೆ, ಮೂರು ಪಿನ್ನಿನದೇ. ಹಳೆಯ ಮನೆ, ಕೆಂಪು ಸಿಮೆಂಟಿನ ನೆಲ, ಮಳೆಗಾಲದಲ್ಲಿ ಬೆವರುತ್ತದೆ. ಅದೇ ಬೋರ್ಡಿಗೆ ವಾಷಿಂಗ್ ಮಷಿನ್ ಹಾಕಿದಾಗಲೂ ಜುಮ್ ಎನ್ನುತ್ತದೆ ಎಂದು ಅಮ್ಮ ಹೇಳುತ್ತಾರೆ.

ಸೊರಬ: ಸರ್, 144 ಹರ್ಟ್ಸ್ ಮಾನಿಟರ್ ಕೊಂಡರೆ ಆರ್‌ಎಕ್ಸ್ 6600ಗೆ ಪ್ರಯೋಜನ ಇದೆಯೇ?

ತಂತ್ರಜ್ಞರು: ಸೊರಬದವರು ಸ್ವಲ್ಪ ಕಾಯಿರಿ. ತೀರ್ಥಹಳ್ಳಿಯ ತಮ್ಮ, ಇದನ್ನು ಮನೆಯ ಹಿರಿಯರಿಗೂ ಓದಿ ಹೇಳು.

ಎಸ್‌ಎಂಪಿಎಸ್ ಒಳಗೆ, ಕರೆಂಟ್ ಬರುವ ಬಾಯಲ್ಲೇ, ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ಮೈಗೆ. ಯಂತ್ರದ ವಿದ್ಯುತ್ ಗದ್ದಲವನ್ನು ಅರ್ತ್ ತಂತಿಯ ಮೂಲಕ ನೆಲಕ್ಕೆ ಕಳಿಸುವುದು ಅವುಗಳ ಕೆಲಸ. ಅರ್ತ್ ಸರಿ ಇದ್ದರೆ ನಿನಗೆ ಏನೂ ಗೊತ್ತಾಗುವುದಿಲ್ಲ. ಅರ್ತ್ ಇಲ್ಲವೆಂದರೆ ಆ ಮೈ 230ರ ಅರ್ಧದಲ್ಲಿ, ಸುಮಾರು 115 ವೋಲ್ಟಿನಲ್ಲಿ ತೂಗಾಡುತ್ತದೆ. ಹರಿಯುವ ಕರೆಂಟ್ ಬಹಳ ಕಡಿಮೆ, ಆದ್ದರಿಂದ ಬರೀ ಜುಮ್. ಒಳ್ಳೆಯ ಕಂಪನಿಯ ಎಸ್‌ಎಂಪಿಎಸ್‌ನಲ್ಲೂ ಹೀಗೆಯೇ ಆಗುತ್ತದೆ.

ನನ್ನನ್ನು ಕಾಡುತ್ತಿರುವುದು ಬೇರೆ. ಒಳಗೆ ಎಲ್ಲೋ ಫೇಸ್ ತಂತಿಯ ಹೊದಿಕೆ ಸವೆದು ಮೈಗೆ ತಾಗಿದರೂ ಮೊದಲಿಗೆ ಹೀಗೇ ಅನ್ನಿಸಬಹುದು. ಎರಡರಲ್ಲೂ ಟೆಸ್ಟರ್ ಉರಿಯುತ್ತದೆ, ಕೈಯಿಂದ ಮುಟ್ಟಿ ವ್ಯತ್ಯಾಸ ಹೇಳಲು ಯಾರಿಗೂ ಬರುವುದಿಲ್ಲ. ಅರ್ತ್ ಗಟ್ಟಿಯಾಗಿದ್ದಿದ್ದರೆ ಸಾಮಾನ್ಯವಾಗಿ ಆ ಕ್ಷಣವೇ ಫ್ಯೂಸ್ ಹೋಗುತ್ತಿತ್ತು ಇಲ್ಲವೇ ಎಂಸಿಬಿ (ಕರೆಂಟ್ ಮೀರಿದರೆ ತಾನೇ ಬೀಳುವ ಸ್ವಿಚ್) ಬೀಳುತ್ತಿತ್ತು. ಅರ್ತ್ ಇಲ್ಲದ ಮನೆಯಲ್ಲಿ ಏನೂ ಬೀಳುವುದಿಲ್ಲ. ಕ್ಯಾಬಿನೆಟ್ ಪೂರ್ತಿ ಕರೆಂಟಿನಲ್ಲಿ ನಿಂತಿರುತ್ತದೆ, ಬೆವರಿದ ನೆಲದ ಮೇಲೆ ಬರಿಗಾಲಿನ ತಂಗಿ ಬಂದು ಕೈ ಇಡುತ್ತಾಳೆ. ವಾಷಿಂಗ್ ಮಷಿನ್ನಿಗೂ ಜುಮ್ ಎನ್ನುವುದಾದರೆ ತೊಂದರೆ ಕಂಪ್ಯೂಟರೊಂದರದೇ ಅಲ್ಲ, ಆ ಬೋರ್ಡಿನ ಅರ್ತ್ ಸತ್ತಿದೆ. ವಾಷಿಂಗ್ ಮಷಿನ್ ಕೂಡ ಬಳಸಬೇಡಿ ಎಂದು ಅಮ್ಮನಿಗೆ ಹೇಳು.

ನಾಳೆ ವೈರಿಂಗ್‌ನವರನ್ನು ಕರೆಸಿ ಮೀಟರಿನಲ್ಲಿ ಅಳೆಸು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಬರಬೇಕು. ಅಂಗಳದಲ್ಲಿ ಅರ್ತ್ ಗುಂಡಿ ಎಲ್ಲಿದೆ, ಪೈಪಿಗೆ ತಂತಿ ಕಟ್ಟಿದ ಬೋಲ್ಟ್ ತುಕ್ಕು ಹಿಡಿದು ಬಿಟ್ಟಿದೆಯೇ ಎಂದು ಅಗೆದು ನೋಡಬೇಕು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಇನ್ನಷ್ಟು ದುರ್ಬಲವಾಗುತ್ತದೆ, ಗುಂಡಿಗೆ ಆಗಾಗ ನೀರು ಬೇಕು. ಮೀಟರ್ ಪಕ್ಕದಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಕೂಡಲೇ ಕಡಿಯುವ ಸ್ವಿಚ್) ಹಾಕಿಸಿ. ಅದೊಂದಿದೆ ಎಂದು ಅರ್ತನ್ನು ಮರೆಯಬೇಡಿ.

ಇನ್ನು ಎಸ್‌ಎಂಪಿಎಸ್. ಪಕ್ಕಕ್ಕೆ ಅಂಟಿಸಿದ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ ಎಷ್ಟು ಆಂಪಿಯರ್ ಬರೆದಿದೆ?

ತೀರ್ಥಹಳ್ಳಿ ಹತ್ತಿರದ ಹಳ್ಳಿ: 18 ಅಣ್ಣ.

ತಂತ್ರಜ್ಞರು: 12 ಗುಣಿಸು 18, 216 ವ್ಯಾಟ್. ಪೆಟ್ಟಿಗೆಯ ಮೇಲಿನ 450 ನಿನ್ನ ಕಾರ್ಡಿಗೆ ಸಿಗುವ ಲೆಕ್ಕವಲ್ಲ. 3060 ಒಂದೇ 170 ವ್ಯಾಟ್, 12400ಎಫ್ ಜೋರಿನಲ್ಲಿ 117ರವರೆಗೆ ಏರುತ್ತದೆ. ಅಲ್ಲಿಗೇ 287. ಒಳ್ಳೆಯ ಕಂಪನಿಯ 550 ವ್ಯಾಟ್ ಬೇಕು. ‘80 ಪ್ಲಸ್’ ಗುರುತು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ರಕ್ಷಣೆಯ ಸರ್ಕ್ಯೂಟ್ ಇದೆಯೇ ಎಂದು ಬೇರೆಯಾಗಿ ನೋಡಬೇಕು. ಆದರೆ ಅರ್ತ್ ಸರಿಯಾಗದೆ ಯಾವುದನ್ನೂ ಕೊಳ್ಳಬೇಡ.

ಶಿಕಾರಿಪುರ: ಇದಕ್ಕೆಲ್ಲ ಗುಂಡಿ ಅಗೆಯುವುದು ಬೇಡ. ಫಾರ್ವರ್ಡ್ ಬಂದಿತ್ತು, ಹಾಕುತ್ತಿದ್ದೇನೆ: “ಪ್ಲಗ್ ಒಳಗೆ ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದು ತುಂಡು ತಂತಿ ಕೊಡಿ, ಶಾಕ್ ನಿಲ್ಲುತ್ತದೆ. ಸಿಡಿಲಿನ ಕಾಲದಲ್ಲಿ ಅರ್ತ್ ಪಿನ್ ಮುರಿದುಬಿಡಿ, ಸಿಡಿಲು ನೆಲದಿಂದ ಏರಿ ಬರುವುದಿಲ್ಲ.” ನಮ್ಮ ಮನೆಯಲ್ಲಿ ಆರು ವರ್ಷದಿಂದ ತಂತಿ ಕೊಟ್ಟಿದೆ, ಏನೂ ಆಗಿಲ್ಲ.

ತಂತ್ರಜ್ಞರು: ದಯವಿಟ್ಟು ಈ ಸಂದೇಶವನ್ನು ಅಳಿಸಿ, ಯಾರಿಗೆ ಕಳಿಸಿದ್ದೀರೋ ಅವರಿಗೂ ಹೇಳಿ. ಗಾಳಿಗೆ ಮರದ ಕೊಂಬೆ ಬಿದ್ದು ಕಂಬದ ಬಳಿ ನ್ಯೂಟ್ರಲ್ ಕಡಿದರೆ, ಮನೆಯಲ್ಲಿ ಉರಿಯುವ ಒಂದೇ ಒಂದು ಬಲ್ಬಿನ ಮೂಲಕ ಬಂದ ಕರೆಂಟ್ ನಿಮ್ಮ ತುಂಡು ತಂತಿಯನ್ನು ದಾಟಿ ಕ್ಯಾಬಿನೆಟ್ಟಿನ ಮೈಗೆ ಬರುತ್ತದೆ. ಆಗ ಅದು 115 ಅಲ್ಲ, ಪೂರ್ತಿ 230. ಆರು ವರ್ಷ ಕೊಂಬೆ ಬಿದ್ದಿಲ್ಲ, ಅಷ್ಟೇ. ಇಂದೇ ಆ ತಂತಿ ತೆಗೆಸಿ.

ಶಿವಮೊಗ್ಗ, ವಿನೋಬನಗರ: ಸರ್, ನಾನು ಎಲೆಕ್ಟ್ರಿಕಲ್ ಓದುತ್ತಿದ್ದೇನೆ. ಟ್ರಾನ್ಸ್‌ಫಾರ್ಮರ್ ಬಳಿ ನ್ಯೂಟ್ರಲನ್ನು ಭೂಮಿಗೇ ಸೇರಿಸಿರುತ್ತಾರೆ. ತತ್ವದ ಪ್ರಕಾರ ಎರಡೂ ಒಂದೇ.

ಶೃಂಗೇರಿ: ನಾನು ವೈರಿಂಗ್ ಕೆಲಸದವನು. ಟ್ರಾನ್ಸ್‌ಫಾರ್ಮರ್ ಬಳಿ ಒಂದೇ, ಒಪ್ಪಿದೆ. ಅಲ್ಲಿಂದ ತೋಟದ ಮನೆಗೆ ಅರ್ಧ ಕಿಲೋಮೀಟರ್ ತಂತಿ, ನಡುವೆ ಎಷ್ಟೋ ಗಂಟು. ಆ ಗಂಟುಗಳನ್ನು ಮಳೆಯಲ್ಲಿ ಕಂಬ ಹತ್ತಿ ನೋಡಿದವರು ಹೀಗೆ ಬರೆಯುವುದಿಲ್ಲ.

ಶಿವಮೊಗ್ಗ, ವಿನೋಬನಗರ: ಕಂಬ ಹತ್ತಿದ ಮಾತ್ರಕ್ಕೆ ಪಾಠಪುಸ್ತಕ ಸುಳ್ಳಾಗುವುದಿಲ್ಲ.

ಶೃಂಗೇರಿ: ಪುಸ್ತಕದಲ್ಲಿ ನ್ಯೂಟ್ರಲ್ ಕಡಿದ ಅಧ್ಯಾಯವನ್ನೂ ಓದಿ.

ತಂತ್ರಜ್ಞರು: ಶೃಂಗೇರಿಯವರು ಹೇಳಿದ್ದು ಸರಿ. ಅರ್ತ್ ಪಿನ್ ಮುರಿಯುವ ಮಾತನ್ನು ಇಲ್ಲಿ ಇನ್ನೊಮ್ಮೆ ಯಾರೂ ಹಾಕಬೇಡಿ. ಭರಣಿ, ಕೃತ್ತಿಕೆ ಮಳೆಯ ಗುಡುಗು ಶುರುವಾಗುವ ಮೊದಲೇ ಪೂರ್ತಿ ಪ್ಲಗ್ಗನ್ನೇ ಕೀಳಿ, ಇಂಟರ್ನೆಟ್ಟಿನ ತಾಮ್ರದ ಕೇಬಲನ್ನೂ ಕೀಳಿ. ಸಿಡಿಲಿನ ಪೆಟ್ಟು ಆ ದಾರಿಯಲ್ಲೂ ಮದರ್‌ಬೋರ್ಡ್ ತಲುಪುತ್ತದೆ.

ಆಗುಂಬೆ: ಸರ್, ಮಳೆಗಾಲದಲ್ಲಿ ಕ್ಯಾಬಿನೆಟ್ ಒಳಗೆ ಬೂಷ್ಟು ಹಿಡಿಯುತ್ತದೆ. ಒಂದು ಬಟ್ಟಲು ಅಕ್ಕಿ ಮತ್ತು ಕರ್ಪೂರ ಇಟ್ಟರೆ ತೇವ ಎಳೆಯುತ್ತದೆಯಂತೆ. ಪ್ರೊಸೆಸರ್ ಬಿಸಿ ಎಳೆಯಲು ಹಚ್ಚುವ ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಸಾಕಂತೆ.

ತಂತ್ರಜ್ಞರು: ಅಕ್ಕಿ, ಕರ್ಪೂರ, ಟೂತ್‌ಪೇಸ್ಟ್ ಮೂರೂ ಬೇಡ. ಅಕ್ಕಿಯ ಹಿಟ್ಟು ಫ್ಯಾನಿಗೆ ಹೋಗುತ್ತದೆ, ಇಲಿ ಬರುತ್ತದೆ. ಟೂತ್‌ಪೇಸ್ಟ್ ಕೆಲವೇ ದಿನಗಳಲ್ಲಿ ಒಣಗಿ ಬಿರಿಯುತ್ತದೆ, ಪ್ರೊಸೆಸರ್ ಬಿಸಿಯೇರುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ, ಅಲ್ಲಿ ಕಂಪ್ಯೂಟರಿಗೆ ಮದ್ದು ಅದರದೇ ಬಿಸಿ. ದಿನಕ್ಕೆ ಒಂದು ಗಂಟೆಯಾದರೂ ಚಾಲೂ ಇಡಿ. ತಿಂಗಳುಗಟ್ಟಲೆ ಪ್ಲಾಸ್ಟಿಕ್ ಹೊದಿಸಿ ಮೂಲೆಗೆ ತಳ್ಳಬೇಡಿ. ಗೋಡೆಯಿಂದ ಒಂದು ಗೇಣು ಈಚೆಗೆ, ನೆಲದಿಂದ ಮೇಲೆ ಮಣೆಯ ಮೇಲೆ ಇರಲಿ, ಬಚ್ಚಲಿನ ಗೋಡೆಯ ಪಕ್ಕ ಬೇಡ. ರ‍್ಯಾಮಿನ ಚಿನ್ನದ ಹಲ್ಲುಗಳು ಮಂಕಾಗಿದ್ದರೆ ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ.

ರಿಪ್ಪನ್‌ಪೇಟೆ: 12400ಎಫ್, ಡಿಸ್‌ಪ್ಲೇ ಬರುತ್ತಿಲ್ಲ ಸರ್.

ತಂತ್ರಜ್ಞರು: ಸಾಗರದವರಿಗೆ ಕೊಟ್ಟ ಉತ್ತರ ಓದಿ.

ಭದ್ರಾವತಿ: ಸರ್ ಹೇಳಿದ ಪಟ್ಟಿಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದೆ. ಇಲ್ಲಿಗಿಂತ ನಾಲ್ಕು ಸಾವಿರ ಕಡಿಮೆ. ಊರಿನ ಅಂಗಡಿಯವರು ಸುಲಿಯುತ್ತಾರೆ.

ಶಿವಮೊಗ್ಗ, ಗಾಂಧಿ ಬಜಾರ್: ನಾನೂ ಅಂಗಡಿ ಇಟ್ಟವನು, ಮಾತು ನೋಡಿ ಆಡಿ. ಬೋರ್ಡ್ ಕೆಟ್ಟ ದಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೀರಾ? ಆಗ ನಮ್ಮ ಬಾಗಿಲಿಗೇ ಬರುತ್ತೀರಿ.

ಭದ್ರಾವತಿ: ಬಂದಾಗ ಬಿಲ್ ಇಲ್ಲ ಎಂದು ವಾಪಸ್ ಕಳಿಸಿದವರನ್ನೂ ನೋಡಿದ್ದೇನೆ.

ಶಿವಮೊಗ್ಗ, ವಿನೋಬನಗರ: ಎಲ್ಲಿ ಕೊಂಡರೂ ಇಂಟೆಲ್ ಮಾತ್ರ ಬೇಡ. ಸುಟ್ಟುಹೋಗುತ್ತವೆ.

ಸಾಗರ: ನಿನ್ನೆ ತಾನೇ ಕೊಂಡವನ ಎದುರು ಹೀಗೆ ಹೇಳಬೇಕೇ? ನಿಮ್ಮದು ಬರೀ ಕೇಳಿದ ಮಾತು.

ತಂತ್ರಜ್ಞರು: ಸಾಗರದವರು ಹೆದರಬೇಡಿ. 2024ರಲ್ಲಿ ಸುದ್ದಿಯಾದ ತೊಂದರೆ ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳದು. ಅತಿಯಾದ ವೋಲ್ಟೇಜ್ ಬೇಡುತ್ತಿದ್ದುದನ್ನು ಸರಿಪಡಿಸಲು ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಬಂತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. 12400ಎಫ್ ಅದರಲ್ಲಿ ಇಲ್ಲ. ವಿನೋಬನಗರದವರು ಅರ್ಧ ತಿಳಿದು ಪೂರ್ತಿ ಹೇಳುವುದು ಇಂದು ಎರಡನೆಯ ಬಾರಿ.

ಅಂಗಡಿಯ ಜಗಳಕ್ಕೆ ಒಂದೇ ಮಾತು. ಎಲ್ಲೇ ಕೊಳ್ಳಿ, ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆಸಿ.

ಕೊಪ್ಪ: ನಾನು ಗೃಹಿಣಿ, ನಿಮ್ಮ ಮಾತು ಅರ್ಧ ಅರ್ಥವಾಗಲಿಲ್ಲ. ಮಗನಿಗೆ ಪಿಯುಸಿ ಮುಗಿಯಿತು, ಮುಂದೆ ಹಾಸ್ಟೆಲ್. 80 ಸಾವಿರದ ಗೇಮಿಂಗ್ ಕಂಪ್ಯೂಟರ್ ಕೇಳುತ್ತಿದ್ದಾನೆ. ಅಡಿಕೆ ಮಾರಿದ ದುಡ್ಡು, ಯೋಚಿಸಿ ಖರ್ಚು ಮಾಡಬೇಕು. ಕೊಡಿಸಲೇ?

ತಂತ್ರಜ್ಞರು: ಹಾಸ್ಟೆಲ್ ಎಂದರೆ ಬೇಡ ಅಕ್ಕ. ಕಾಲೇಜಿಗೆ ಸೇರಲಿ, ಅಲ್ಲಿ ಯಾವ ಲ್ಯಾಪ್‌ಟಾಪ್ ಬೇಕು ಎನ್ನುತ್ತಾರೋ ಕೇಳಿ ಅದನ್ನು ಕೊಡಿಸಿ.

ಸೊರಬ: ನನ್ನ ಮಾನಿಟರ್ ಪ್ರಶ್ನೆ ಹಾಗೇ ಉಳಿದಿದೆ ಸರ್.

ಹೊಸನಗರ: 600 ವಿಎ ಯುಪಿಎಸ್‌ನಲ್ಲಿ ಆಟ ಮುಂದುವರಿಸಬಹುದೇ? ಇಲ್ಲಿ ಕರೆಂಟ್ ಹೋದರೆ ಎರಡು ದಿನ.

ತಂತ್ರಜ್ಞರು: ಇಲ್ಲ. ಆ ಯುಪಿಎಸ್‌ಗಳು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತವೆ, ಅದೂ ನಿಮಿಷಗಳ ಲೆಕ್ಕ. ಆಟ ಉಳಿಸಿ ಆಫ್ ಮಾಡಲು ಸಾಕು.

ಶಿಕಾರಿಪುರ: ಎಲ್ಲರ ಎದುರು ನನಗೆ ಬೈದಿರಿ. ಒಳ್ಳೆಯದಾಗಲಿ ಎಂದೇ ಹಾಕಿದ್ದು.

ತಂತ್ರಜ್ಞರು: ಗೊತ್ತು. ತಂತಿ ತೆಗೆಸಿದಿರಾ?

ಶಿಕಾರಿಪುರ: ನಾಳೆ.

ತಂತ್ರಜ್ಞರು: ಇಂದು ರಾತ್ರಿ ಆ ಪ್ಲಗ್ ಬಳಸಬೇಡಿ.

ತೀರ್ಥಹಳ್ಳಿ ಹತ್ತಿರದ ಹಳ್ಳಿ (ಮರುದಿನ ಮಧ್ಯಾಹ್ನ): ಅಣ್ಣ, ವೈರಿಂಗ್‌ನವರು ಬಂದಿದ್ದರು. ಫೇಸ್‌ನಿಂದ ನ್ಯೂಟ್ರಲ್‌ಗೆ 226, ಫೇಸ್‌ನಿಂದ ಅರ್ತ್‌ಗೆ 90 ತೋರಿಸಿ ಆಮೇಲೆ 140ಕ್ಕೆ ಹೋಯಿತು, ನಿಲ್ಲಲೇ ಇಲ್ಲ. ಅಡಿಕೆ ಒಣಗಿಸಲು ಅಂಗಳ ಸಮತಟ್ಟು ಮಾಡಿಸಿದಾಗ ಅರ್ತ್ ತಂತಿ ಕಡಿದಿದೆ, ಮಣ್ಣಿನ ಕೆಳಗೆ ತುಂಡು ಸಿಕ್ಕಿತು. ಸಂಜೆ ಹೊಸ ಪೈಪ್ ಹೊಡೆಯುತ್ತಾರೆ. ತಂಗಿ ಮುಟ್ಟದಂತೆ ಕೋಣೆಗೆ ಚಿಲಕ ಹಾಕಿದ್ದೇನೆ.

ತಂತ್ರಜ್ಞರು: ಒಳ್ಳೆಯ ಕೆಲಸ ತಮ್ಮ. ಪೈಪ್ ಹೊಡೆದ ಮೇಲೆ ಜಗಲಿಯ ಪ್ಲಗ್ಗಿನಲ್ಲೇ ಇನ್ನೊಮ್ಮೆ ಅಳೆಸಿ ಸಂಖ್ಯೆ ಕಳಿಸು, ಎಕ್ಸ್‌ಟೆನ್ಶನ್ ಬಾಕ್ಸಿನ ತುದಿಯಲ್ಲೂ ಅಳೆಸು. ಎಸ್‌ಎಂಪಿಎಸ್ ಯಾವುದೆಂದು ಆಮೇಲೆ ಹೇಳುತ್ತೇನೆ.